ಬೆಕ್ಕಿನ ಎಳೆಮರಿಗಳು



ಈ ಸಂಜೆಯ ಭಾಷಣಕ್ಕೆ ನಾವು ಆರಿಸಿಕೊಂಡಿರುವ ವಿಷಯ ತೂಕದಲ್ಲಿ ಬಹಳ ಹಗುರವಾದುದು. ಆಗತಾನೆ ಹುಟ್ಟಿದ ಬೆಕ್ಕಿನ ಮರಿ ಸುಮಾರು 100 ಗ್ರಾಂ ತೂಗುತ್ತದೆ. ನಮ್ಮ ಹಿರಿಯರ ಲೆಕ್ಕದಲ್ಲಿ ಎಂಟೂವರೆ ತೊಲ. ಅಂಗೈಯಲ್ಲಿ ಅಡಗಿಹೋಗುವ ಈ ಜೀವದ ವಿಷಯವಾಗಿ ತಿಳಿದವರ ಮುಂದೆ ಹೇಳತಕ್ಕದ್ದೇನಿದೆ ಎಂದು ಕೆಲವರಿಗಾದರೂ ತೋರಬಹುದು. ಆದರೆ ಒಂದು ಮಾತನ್ನು ಯೋಚಿಸಿ ನೋಡಬೇಕು. ಹುಲಿಯ ಮರಿಯನ್ನೂ ಆನೆಯ ಮರಿಯನ್ನೂ ನಾವು ಪುಸ್ತಕದಲ್ಲಿ ಕಾಣುತ್ತೇವೆ. ಬೆಕ್ಕಿನ ಮರಿಯನ್ನು ನಮ್ಮ ಮನೆಯ ಅಟ್ಟದ ಮೇಲೆಯೇ ಕಾಣುತ್ತೇವೆ. ಹುಲಿಯ ಮರಿಯ ವಿಷಯದಲ್ಲಿ ನಮ್ಮ ತಪ್ಪು ತಿಳಿವಳಿಕೆಯಿಂದ ಹುಲಿಗೆ ನಷ್ಟವೇನೂ ಇಲ್ಲ. ಬೆಕ್ಕಿನ ಮರಿಯ ವಿಷಯದಲ್ಲಿ ಹಾಗಲ್ಲ. ಅದರ ಮೊದಲ ಮೂರು ವಾರಗಳಲ್ಲಿ ನಾವು ಮಾಡುವುದೂ ಮಾಡದಿರುವುದೂ ಅದರ ಪ್ರಾಣಕ್ಕೆ ಸಂಬಂಧಪಟ್ಟದ್ದು. ಅದರಲ್ಲಿಯೂ ವ್ಯಸನಕರವಾದ ಸಂಗತಿಯೆಂದರೆ, ಎಷ್ಟೋ ಮರಿಗಳು ನಮ್ಮ ಕ್ರೌರ್ಯದಿಂದಲ್ಲ, ನಮ್ಮ ದಯೆಯಿಂದಲೇ ಸಾಯುತ್ತವೆ.

ಇದನ್ನು ವಿವರಿಸುವುದಕ್ಕೆ ಒಂದು ಊರನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ಬೆಂಗಳೂರಿನಿಂದ ಹೆಬ್ಬಾಳ, ಯಲಹಂಕಗಳ ಮೇಲೆ ಹೋದರೆ ದೊಡ್ಡಬಳ್ಳಾಪುರ ಸಿಕ್ಕುವುದಷ್ಟೆ. ಆ ತಾಲ್ಲೂಕಿಗೆ ಸೇರಿದ ಹಳ್ಳಿ ರಾಜಘಟ್ಟ. ಇತಿಹಾಸವನ್ನು ಬಲ್ಲವರಿಗೆ ಈ ಹೆಸರು ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಪುರಾತತ್ತ್ವ ಪಂಡಿತರು 2001ರಲ್ಲಿಯೂ 2004ರಲ್ಲಿಯೂ ಇಲ್ಲಿ ನೆಲವನ್ನು ಅಗೆದು, ಬೌದ್ಧರ ಚೈತ್ಯ ವಿಹಾರಗಳ ಅವಶೇಷಗಳನ್ನು ಬೆಳಕಿಗೆ ತಂದರು. ಅಲ್ಲಿ ಹರಕೆಯಾಗಿ ಒಪ್ಪಿಸಿದ ಮಣ್ಣಿನ ಪುಟ್ಟ ಸ್ತೂಪಗಳು ಬಹುಸಂಖ್ಯೆಯಲ್ಲಿ ದೊರೆತವು; ಅಕ್ಷರಗಳನ್ನು ಒತ್ತಿದ ಮಣ್ಣಿನ ಬಿಲ್ಲೆಗಳೂ ದೊರೆತವು. ಬೌದ್ಧರು ಇಂತಹ ಬಿಲ್ಲೆಗಳ ಮೇಲೆ ಸಾಮಾನ್ಯವಾಗಿ ಒತ್ತುತ್ತಿದ್ದ ಮಂತ್ರವೊಂದುಂಟು. ಅದರ ತಾತ್ಪರ್ಯವಿಷ್ಟೆ: ಲೋಕದ ಸಂಗತಿಗಳು ಕಾರಣದಿಂದ ಹುಟ್ಟುತ್ತವೆ, ಆ ಕಾರಣ ಯಾವುದೆಂಬುದನ್ನು ಬುದ್ಧನು ತಿಳಿಸಿದನು.

ಆ ಭಿಕ್ಷುಗಳ ಮಠ ಮಣ್ಣಾಗಿ ಬಹುಶತಮಾನಗಳು ಕಳೆದುವು. ಊರು ಉಳಿದಿದೆ, ಊರಿನ ಜೊತೆಗೆ ಬೆಕ್ಕೂ ಉಳಿದಿದೆ. ಈ ಸೀಮೆಯ ಜನ ಅದನ್ನು ಕೊತ್ತಿ ಎನ್ನುತ್ತಾರೆ. ಕೊತ್ತಿ ಇಲ್ಲಿ ಅಲಂಕಾರಕ್ಕೆ ಸಾಕಿದ ಪ್ರಾಣಿಯಲ್ಲ. ರಾಗಿ ಬೆಳೆಯುವ ಮನೆಯಲ್ಲಿ ಇಲಿಯುಂಟು. ರೇಷ್ಮೆಹುಳು ಸಾಕುವ ಮನೆಯಲ್ಲಿ ಇಲಿಯ ಹಾವಳಿ ಇನ್ನೂ ಹೆಚ್ಚು, ಏಕೆಂದರೆ ಅದು ಹುಳುವನ್ನೂ ತಿನ್ನುತ್ತದೆ, ಚಂದ್ರಿಕೆಯಲ್ಲಿ ಕಟ್ಟಿದ ಗೂಡನ್ನೂ ಕಡಿಯುತ್ತದೆ. ಆದಕಾರಣ ಬೆಕ್ಕಿಗೆ ಅಟ್ಟದ ಮೇಲೂ ಹುಲ್ಲಿನ ಮೆದೆಯಲ್ಲಿಯೂ ಜಾಗ ದೊರೆಯಿತು. ಜಾಗ ದೊರೆತ ಮೇಲೆ ಅದು ಮರಿಹಾಕಿತು; ಮರಿಯಾದ ಮೇಲೆ ನೂರು ಮಾತು ಹುಟ್ಟಿದುವು. ಈ ಮಾತುಗಳನ್ನು ನಾವು ನಗೆಯಾಡಲು ಬಂದವರಲ್ಲ. ಪ್ರತಿಯೊಂದರ ಬುಡದಲ್ಲಿಯೂ ಯಾರೋ ಕಣ್ಣಾರೆ ಕಂಡದ್ದೊಂದಿದೆ. ಕಂಡದ್ದು ಸರಿ, ಅದಕ್ಕೆ ಹೇಳಿದ ಕಾರಣ ಮಾತ್ರ ತಪ್ಪು. ಕಂಡದ್ದನ್ನೂ ಕಾರಣವನ್ನೂ ಬೇರೆಬೇರೆಯಾಗಿ ಬಿಡಿಸಿ ನೋಡುವುದೇ ನಮ್ಮ ಈ ಹೊತ್ತಿನ ಕೆಲಸ.

ಮೊದಲು, ಹುಟ್ಟಿದ ಮರಿ ಎಂತಹ ಜೀವ ಎಂಬುದನ್ನು ತಿಳಿಯೋಣ. ತಾಯಿಬೆಕ್ಕು ಗರ್ಭವನ್ನು ಧರಿಸುವುದು ಸುಮಾರು ಒಂಬತ್ತು ವಾರ. ಒಂದು ಸೂಲಿಗೆ ಸಾಮಾನ್ಯವಾಗಿ ಮೂರರಿಂದ ಐದು ಮರಿ. ಹುಟ್ಟುವಾಗ ಕಣ್ಣು ಮುಚ್ಚಿದೆ, ಕಿವಿಯ ಹಾಲೆ ಮಡಿಸಿ ಒಳರಂಧ್ರ ಮುಚ್ಚಿದೆ. ಹಾಗಾದರೆ ಅದಕ್ಕೆ ಲೋಕವೇ ಇಲ್ಲವೆ? ಉಂಟು. ವಾಸನೆಯುಂಟು, ಸ್ಪರ್ಶವುಂಟು, ಬಿಸಿ ತಣ್ಣನೆಗಳ ಅರಿವುಂಟು. ಈ ಮೂರನ್ನೇ ನಂಬಿಕೊಂಡು ಅದು ತೆವಳುತ್ತ, ತಲೆಯನ್ನು ಎಡಬಲಕ್ಕೆ ತೂಗುತ್ತ, ತಾಯಿಯ ಮೊಲೆಯನ್ನು ಮುಟ್ಟುತ್ತದೆ. ಒಂದೆರಡು ದಿನಗಳೊಳಗೆ ಮರಿಗಳಲ್ಲಿ ಅನೇಕವು ಇದು ನನ್ನದೆಂದು ಒಂದು ಮೊಲೆಯನ್ನು ಗೊತ್ತುಮಾಡಿಕೊಂಡು ಮತ್ತೆಮತ್ತೆ ಅದಕ್ಕೇ ಹೋಗುವುದನ್ನು ಶಾಸ್ತ್ರಜ್ಞರು ನೋಡಿದ್ದಾರೆ. ಕಣ್ಣಿಲ್ಲ, ಕಿವಿಯಿಲ್ಲ, ಮೂಗೇ ದಾರಿ ತೋರಿಸುವುದು.

ಆದರೆ ಎಳೆಮರಿಗೆ ಇಲ್ಲದಿರುವ ಅತಿಮುಖ್ಯವಾದ ವಸ್ತು ಕಣ್ಣಲ್ಲ, ಕಾವು. ಬೆಳೆದ ಬೆಕ್ಕಿನ ದೇಹೋಷ್ಣ 38ರಿಂದ 39 ಡಿಗ್ರಿ ಸೆಂಟಿಗ್ರೇಡು. ಮೊದಲ ವಾರದ ಮರಿಯ ದೇಹೋಷ್ಣ 35, 36 ಡಿಗ್ರಿಯ ಆಸುಪಾಸು. ಅದನ್ನು ಕೂಡ ಮರಿ ತಾನಾಗಿ ಉಳಿಸಿಕೊಳ್ಳಲಾರದು. ಚಳಿಯಾದರೆ ನಾವು ನಡುಗುತ್ತೇವೆ. ಆ ನಡುಕವೇ ದೇಹದಲ್ಲಿ ಶಾಖವನ್ನು ಹುಟ್ಟಿಸುತ್ತದೆ. ಹಸುಗೂಸಾದ ಮರಿಗೆ ನಡುಗುವ ಶಕ್ತಿಯೂ ಇನ್ನೂ ಬಂದಿಲ್ಲ. ತಾಯಿಯ ಹೊಟ್ಟೆ, ಒಡಹುಟ್ಟಿದವುಗಳ ಮೈ, ಇವೇ ಅದರ ಒಲೆ. ಮರಿಗಳು ಒಂದರ ಮೇಲೊಂದು ಗುಡ್ಡೆಯಾಗಿ ಮಲಗುವುದು ಆಟಕ್ಕಲ್ಲ, ಬದುಕುವುದಕ್ಕೆ. ಮಾಗಿಯ ಬೆಳಗಿನಲ್ಲಿ ಗುಡ್ಡೆಯಿಂದ ಬೇರ್ಪಟ್ಟು ತಣ್ಣನೆಯ ಕಲ್ಲಿನ ನೆಲದ ಮೇಲೆ ಉರುಳಿದ ಮರಿಗೆ ಹಸಿವಿಗಿಂತ ಮೊದಲು ಚಳಿಯೇ ಮೃತ್ಯುವಾಗುತ್ತದೆ. ಮುಂದೆ ನಾವು ಹೇಳುವ ಮಾತುಗಳಿಗೆಲ್ಲ ಇದು ಬೀಗದ ಕೈ. ಇದನ್ನು ದಯಮಾಡಿ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಇನ್ನು ಲೋಕದ ಮಾತುಗಳು. ಮೊದಲನೆಯದು, ಕನ್ನಡನಾಡಿನಲ್ಲಿ ಬಹುಮಂದಿ ಕೇಳಿಯೇ ಇರುವ ಮಾತು: ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ, ಏಳು ಮನೆ ತಿರುಗಿದ ಮೇಲೆಯೇ ಮರಿ ಕಣ್ಣುಬಿಡುತ್ತದೆ. ಇದರಲ್ಲಿ ಕಂಡದ್ದು ಯಾವುದು? ತಾಯಿಬೆಕ್ಕು ಮರಿಗಳನ್ನು ಕಚ್ಚಿಕೊಂಡು ಒಂದು ಎಡೆಯಿಂದ ಇನ್ನೊಂದು ಎಡೆಗೆ ಸಾಗಿಸುವುದು ನಿಜ. ಮರಿಗಳು ಕೆಲವು ದಿನಗಳ ಮೇಲೆ ಕಣ್ಣುಬಿಡುವುದೂ ನಿಜ. ಒಂದರ ಹಿಂದೆ ಒಂದು ನಡೆದದ್ದನ್ನು ಕಂಡು, ಒಂದರಿಂದಲೇ ಇನ್ನೊಂದಾಯಿತೆಂದು ಹೇಳಿಬಿಟ್ಟರು. ನಮ್ಮ ಹಳೆಯ ತಾರ್ಕಿಕರು ಕಾಕತಾಲೀಯವೆಂದು ಕರೆದದ್ದು ಇದನ್ನೇ: ಕಾಗೆ ಕುಳಿತಿತು, ಹಣ್ಣು ಬಿದ್ದಿತು.

ವಾಸ್ತವವಾಗಿ ಕಣ್ಣು ತೆರೆಯುವುದು ಒಳಗಿನ ಬೆಳವಣಿಗೆಯಿಂದ. ಸಾಮಾನ್ಯವಾಗಿ ಏಳನೆಯ ದಿನದಿಂದ ಹದಿನಾಲ್ಕನೆಯ ದಿನದೊಳಗೆ. ಒಂದೇ ಬುಟ್ಟಿಯಲ್ಲಿಯೇ ಇದ್ದ ಮರಿಯೂ ಅದೇ ಕಾಲಕ್ಕೆ ಕಣ್ಣುಬಿಡುತ್ತದೆ. ಮೊದಲಿಗೆ ಎಲ್ಲ ಮರಿಗಳ ಕಣ್ಣೂ ನೀಲಿ. ಮುಂದಿನ ವಾರಗಳಲ್ಲಿ ನಿಜವಾದ ಬಣ್ಣ ಮೂಡುತ್ತದೆ. ಕಣ್ಣು ತಡವಾಯಿತೆಂದು ರೆಪ್ಪೆಯನ್ನು ಬೆರಳಿನಿಂದ ಬಿಡಿಸಲು ಹೋಗುವವರುಂಟು. ಅದು ಸರ್ವಥಾ ಕೂಡದು. ಮುಚ್ಚಿದ ರೆಪ್ಪೆ ಊದಿಕೊಂಡು ಕೀವು ತೋರಿದರೆ ಅದು ರೋಗ, ಪಶುವೈದ್ಯರು ನೋಡತಕ್ಕದ್ದು.

ಹಾಗಾದರೆ ತಾಯಿ ಮನೆಗಳನ್ನು ಬದಲಾಯಿಸುವುದೇಕೆ? ಜಾಗ ಹೊಲಸಾಯಿತು, ಬೆಳಕು ಹೆಚ್ಚಾಯಿತು, ನಾಯಿ ಮೂಸಿತು, ಗಂಡುಬೆಕ್ಕು ಸುಳಿಯಿತು, ಮನೆಯ ಮಕ್ಕಳು ಗಳಿಗೆಗೊಮ್ಮೆ ಇಣುಕಿದರು. ಹೀಗೆ ಭಯಕ್ಕೆ ಒಂದೊಂದು ಕಾರಣ. ಕಾರಣವಿಲ್ಲದಿದ್ದರೆ ಅದು ಒಂದೇ ಕಡೆಯಲ್ಲಿ ವಾರಗಟ್ಟಲೆ ಇರುವುದೂ ಉಂಟು. ಬೆಕ್ಕು ಏಳು ಮನೆ ಸುತ್ತಿತೆಂದರೆ, ಅದು ಬೆಕ್ಕಿನ ಶಾಸ್ತ್ರವಲ್ಲ. ಆರು ಮನೆಯವರು ಅದಕ್ಕೆ ನೆಮ್ಮದಿ ಕೊಡಲಿಲ್ಲವೆಂಬ ಸಾಕ್ಷ್ಯ.

ಕಣ್ಣಿನ ವಿಷಯ ಬಂದುದರಿಂದ ಒಂದು ಹೆಚ್ಚಿನ ಸಂಗತಿಯನ್ನು ಇಲ್ಲಿ ಹೇಳಬೇಕು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಡೇವಿಡ್ ಹ್ಯೂಬೆಲ್, ಟಾರ್ಸ್ಟೆನ್ ವೀಸೆಲ್ ಎಂಬ ಇಬ್ಬರು ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ದೃಷ್ಟಿಯನ್ನು ಪರೀಕ್ಷಿಸಿದರು. ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ಮರಿಯ ಒಂದು ಕಣ್ಣಿಗೆ ಬೆಳಕು ಬೀಳದಂತೆ ಮುಚ್ಚಿಟ್ಟರೆ, ಆಮೇಲೆ ಕಣ್ಣನ್ನು ತೆರೆದರೂ ಮಿದುಳು ಆ ಕಣ್ಣಿನಿಂದ ನೋಡಲು ಕಲಿಯದು. ಬೆಳೆದ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿದರೆ ಅಂತಹ ಕೆಡುಕಾಗದು. ಎಂದರೆ, ನೋಡುವುದನ್ನು ಮಿದುಳು ಕಲಿಯುವುದಕ್ಕೆ ಒಂದು ಕಾಲವುಂಟು. ಆ ಕಾಲ ಮೀರಿದರೆ ಪಾಠವೂ ಮೀರಿಹೋಯಿತು. ಈ ಸಂಶೋಧನೆಗಾಗಿ 1981ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಹುಟ್ಟಿನಿಂದ ಕಣ್ಣಿನಲ್ಲಿ ಪೊರೆಯಿರುವ ಶಿಶುವಿಗೂ ಮಾಲುಗಣ್ಣಿನ ಶಿಶುವಿಗೂ ದೊಡ್ಡದಾಗಲಿ ನೋಡೋಣವೆಂದು ಕಾಯದೆ ಬೇಗ ಚಿಕಿತ್ಸೆ ಮಾಡಬೇಕೆಂಬ ವೈದ್ಯರ ಹಟಕ್ಕೆ ಇದರಿಂದ ಬಲ ಬಂದಿತು. ಆ ಪ್ರಯೋಗ ಮರಿಗಳಿಗೆ ಸುಖದ್ದಾಗಿರಲಿಲ್ಲ. ಕಣ್ಣು ಕಾಣುವ ಎಷ್ಟೋ ಮಕ್ಕಳು ಆ ಮರಿಗಳಿಗೆ ಸಾಲಗಾರರು ಎಂದರೆ ಅತಿಶಯೋಕ್ತಿಯಲ್ಲ.

ಎರಡನೆಯ ಮಾತು: ಮನುಷ್ಯನು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ, ತಿಂದುಹಾಕುತ್ತದೆ. ಇದರಲ್ಲಿಯೂ ಕಂಡದ್ದುಂಟು. ಹೆರಿಗೆಯಾದೊಡನೆ ತಾಯಿಬೆಕ್ಕು ಹೊಕ್ಕುಳಬಳ್ಳಿಯನ್ನು ಕಡಿದು, ಮರಿಯನ್ನು ಸುತ್ತಿದ ಪೊರೆಯನ್ನೂ ಮಾಸನ್ನೂ ತಿನ್ನುತ್ತದೆ. ರಕ್ತ ಹಚ್ಚಿದ ಬಾಯನ್ನು ಕಂಡವರು ಮರಿಯನ್ನೇ ತಿಂದಿತೆಂದು ಊಹಿಸಿದರು. ಸತ್ತು ಹುಟ್ಟಿದ ಮರಿಯನ್ನು ತಾಯಿ ಕೆಲವೊಮ್ಮೆ ತಿನ್ನುವುದೂ ಸತ್ಯ. ಗೂಡಿನಲ್ಲಿ ಕೊಳೆಯುವ ವಸ್ತುವಿದ್ದರೆ ಉಳಿದ ಮರಿಗಳಿಗೆ ಅಪಾಯ, ವಾಸನೆ ಶತ್ರುವನ್ನು ಕರೆಯುತ್ತದೆ. ಬದುಕಿರುವ ಆರೋಗ್ಯವಂತ ಮರಿಯನ್ನು ತಾಯಿ ಕೊಲ್ಲುವುದು ಬಹಳ ಅಪರೂಪ. ಕೊಲ್ಲುವುದು ಹೆಚ್ಚಾಗಿ ಹೊರಗಿನಿಂದ ಬಂದ ಗಂಡುಬೆಕ್ಕು. ಸಿಂಹಗಳಲ್ಲಿಯೂ ಹೊಸದಾಗಿ ಹಿಂಡನ್ನು ವಶಮಾಡಿಕೊಂಡ ಗಂಡು, ಹಿಂದಿನವನ ಮರಿಗಳನ್ನು ಕೊಲ್ಲುವುದುಂಟು. ಮರಿ ಸತ್ತರೆ ಹೆಣ್ಣು ಬೇಗನೆ ಮತ್ತೆ ಬೆದೆಗೆ ಬರುತ್ತದೆ. ಆ ಗಂಡು ಮಾಡಿದ ಪಾಪವನ್ನು ತಾಯಿಯ ತಲೆಗೆ ಕಟ್ಟಬಾರದು.

ಮನುಷ್ಯನ ಕೈವಾಸನೆಯೊಂದರಿಂದಲೇ ಸಾಕಿದ ಬೆಕ್ಕು ಮರಿಯನ್ನು ತ್ಯಜಿಸುವುದಿಲ್ಲ. ಆದರೆ ಪದೇಪದೇ ಎತ್ತಿದರೆ, ಕೈಯಿಂದ ಕೈಗೆ ದಾಟಿಸಿದರೆ, ತಾಯಿ ಗೂಡನ್ನು ಬದಲಾಯಿಸುತ್ತದೆ. ಆ ಪ್ರಯಾಣದಲ್ಲಿ ಒಂದೆರಡು ಮರಿ ಹಿಂದುಳಿಯಬಹುದು. ಆದ್ದರಿಂದ ಮುಟ್ಟಬೇಡಿರೆಂದು ಮಕ್ಕಳನ್ನು ಗದರಿಸಿದ ಅಜ್ಜಿಯ ಮಾತಿನಲ್ಲಿ ಕಾರಣ ತಪ್ಪಿದ್ದರೂ ವಿವೇಕವಿತ್ತು. ಮೊದಲ ವಾರದಲ್ಲಿ ಅಗತ್ಯವಿಲ್ಲದೆ ಮುಟ್ಟದಿರುವುದೇ ಮೇಲು.

ತಾಯಿ ಮರಿಯನ್ನು ಕತ್ತಿನ ಹಿಂಭಾಗದಲ್ಲಿ ಕಚ್ಚಿ ಎತ್ತುವುದನ್ನು ನೋಡಿ, ಅಯ್ಯೋ, ಎಷ್ಟು ನೋಯುತ್ತದೆಯೋ ಎಂದು ಮರುಗುವವರುಂಟು. ತಾಯಿಯ ಹಲ್ಲು ಅಲ್ಲಿ ಒತ್ತುವುದಿಲ್ಲ, ಹಿಡಿಯುತ್ತದೆ. ಹಿಡಿದೊಡನೆ ಮರಿ ಮೈಯನ್ನು ಸಡಿಲಬಿಟ್ಟು, ಹಿಂಗಾಲುಗಳನ್ನು ಮಡಿಸಿಕೊಂಡು, ಸದ್ದಿಲ್ಲದೆ ಜೋತುಬೀಳುತ್ತದೆ. ಇದು ಹುಟ್ಟಿನಿಂದಲೇ ಬಂದ ಗುಣ. ನಮ್ಮ ಶ್ರೀವೈಷ್ಣವ ಆಚಾರ್ಯರು ಇದನ್ನು ಎಷ್ಟು ಸೂಕ್ಷ್ಮವಾಗಿ ಕಂಡಿದ್ದರೆಂಬುದು ಮೇಲುಕೋಟೆಯ ಸಂಪ್ರದಾಯವನ್ನು ಬಲ್ಲವರಿಗೆ ಗೊತ್ತು. ಕೋತಿಯ ಮರಿ ತಾನೇ ತಾಯಿಯನ್ನು ಅಪ್ಪಿ ಹಿಡಿಯುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಹಿಡಿಯುತ್ತದೆ. ಜೀವನು ಭಗವಂತನನ್ನು ಹಿಡಿಯಬೇಕೆಂಬುದು ಮರ್ಕಟಕಿಶೋರ ನ್ಯಾಯ. ಭಗವಂತನೇ ಜೀವನನ್ನು ಹಿಡಿಯುವನೆಂಬುದು ಮಾರ್ಜಾಲಕಿಶೋರ ನ್ಯಾಯ. ವಡಕಲೆಯವರು ಮೊದಲನೆಯದನ್ನೂ ತೆಂಕಲೆಯವರು ಎರಡನೆಯದನ್ನೂ ಹಿಡಿದರು. ವೇದಾಂತದ ತೀರ್ಪನ್ನು ನಾವು ವೇದಾಂತಿಗಳಿಗೆ ಬಿಡುತ್ತೇವೆ. ಪ್ರಾಣಿಶಾಸ್ತ್ರದ ಮಟ್ಟಿಗೆ ಎರಡು ಉಪಮಾನಗಳೂ ನೂರಕ್ಕೆ ನೂರು ಸರಿ. ಒಂದು ಎಚ್ಚರಿಕೆ ಮಾತ್ರ: ಬೆಳೆದ ಬೆಕ್ಕನ್ನು ಹಾಗೆ ಕತ್ತು ಹಿಡಿದು ಎತ್ತಬಾರದು. ಅದರ ಪೂರ್ಣ ತೂಕವನ್ನು ಆ ಚರ್ಮ ಹೊರಲಾರದು. ಅದಕ್ಕೆ ನೋವೂ ಆಗುತ್ತದೆ, ಭಯವೂ ಆಗುತ್ತದೆ.

ಮೂರನೆಯದು ಮಾತಿಗಿಂತ ಹೆಚ್ಚಾಗಿ ನಮ್ಮ ಅವಸರ: ತಾಯಿ ಕಾಣಲಿಲ್ಲ, ಆದ್ದರಿಂದ ಮರಿಗಳು ಅನಾಥ. ಮೆದೆಯ ಮಗ್ಗುಲಲ್ಲಿಯೋ ಕಾರುಖಾನೆಯ ಮೂಲೆಯಲ್ಲಿಯೋ ನಾಲ್ಕು ಮರಿಗಳನ್ನು ಕಂಡ ದಯಾಳುಗಳು ತಾಯಿಯಿಲ್ಲವೆಂದು ಅವನ್ನು ಎತ್ತಿ ಮನೆಗೆ ತರುತ್ತಾರೆ. ತಾಯಿ ಬೇಟೆಗೆ ಹೋಗಿತ್ತು. ತಾನು ತಿಂದರಲ್ಲವೆ ಹಾಲು? ಅದು ಹಿಂದಿರುಗಿ ಬಂದು ಬರಿದಾದ ಗೂಡಿನ ಸುತ್ತ ರಾತ್ರಿಯೆಲ್ಲ ಕೂಗುತ್ತದೆ. ಇತ್ತ ಮರಿಗಳು ರಟ್ಟಿನ ಪೆಟ್ಟಿಗೆಯಲ್ಲಿ ತಣ್ಣಗಾಗುತ್ತವೆ. ಹೀಗೆ ಅನಾಥವಲ್ಲದ ಮರಿಯನ್ನು ಅನಾಥವಾಗಿ ಮಾಡಿದವರು ನಾವೇ.

ಇದನ್ನು ತಿಳಿಯುವ ಉಪಾಯ ಸುಲಭ. ಮರಿಗಳ ಮೈ ಬೆಚ್ಚಗಿದೆ, ಹೊಟ್ಟೆ ದುಂಡಗಿದೆ, ಗುಡ್ಡೆಯಾಗಿ ನಿದ್ರಿಸುತ್ತಿವೆ ಎಂದರೆ ತಾಯಿಯುಂಟು, ಬರುತ್ತದೆ. ದೂರದಲ್ಲಿ, ಅದರ ಕಣ್ಣಿಗೆ ಬೀಳದಂತೆ ನಿಂತು ಕೆಲವು ಗಂಟೆ ಕಾಯಬೇಕು. ಹತ್ತಿರ ನಿಂತರೆ ತಾಯಿ ಬರುವುದಿಲ್ಲ. ಮರಿಗಳ ಮೈ ತಣ್ಣಗಿದ್ದರೆ, ಹೊಟ್ಟೆ ಒಳಕ್ಕೆ ಅಂಟಿದ್ದರೆ, ಬಿಡದೆ ಅರಚುತ್ತಿದ್ದರೆ ಅಥವಾ ಅರಚುವ ಶಕ್ತಿಯೂ ಉಡುಗಿದ್ದರೆ, ಇರುವೆ ಮುತ್ತಿದ್ದರೆ, ಆಗ ಕಾಯುವ ಕಾಲವಲ್ಲ, ಕೈಹಾಕುವ ಕಾಲ.

ಕೈಹಾಕಿದವರು ಮೊದಲು ಮಾಡುವುದೇನು? ಬಟ್ಟಲಿನಲ್ಲಿ ಹಸುವಿನ ಹಾಲು, ಅದರಲ್ಲಿ ಹತ್ತಿಯ ಬತ್ತಿ. ಬೆಕ್ಕು ಎಂದರೆ ಹಾಲು ಎಂಬ ನಂಟು ನಮ್ಮ ಗಾದೆಗಳಲ್ಲಿಯೇ ಇದೆ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ತಿಳಿಯದೆ ಎನ್ನುತ್ತೇವೆ. ಬೆಕ್ಕು ಹಾಲನ್ನು ಇಷ್ಟಪಡುವುದು ನಿಜ. ಅದು ಅದಕ್ಕೆ ಹಿತವೆಂಬುದು ನಿಜವಲ್ಲ. ಹಸುವಿನ ಹಾಲಿನಲ್ಲಿ ಸಸಾರಜನಕ ನೂರಕ್ಕೆ ಮೂರೂವರೆ ಭಾಗದಷ್ಟಿದ್ದರೆ, ಬೆಕ್ಕಿನ ಹಾಲಿನಲ್ಲಿ ಅದು ಇಮ್ಮಡಿಯಷ್ಟು, ಕೊಬ್ಬೂ ಹೆಚ್ಚು. ಹಸುವಿನ ಹಾಲಿನಲ್ಲಿ ಪುಷ್ಟಿಗೆ ಹೋಲಿಸಿದರೆ ಸಕ್ಕರೆಯ ಪಾಲೇ ಜಾಸ್ತಿ. ಅದನ್ನು ಅರಗಿಸಿಕೊಳ್ಳಲಾರದೆ ಮರಿಗೆ ಭೇದಿಯಾಗುತ್ತದೆ. ನೂರು ಗ್ರಾಂ ತೂಕದ ದೇಹದಲ್ಲಿ ಭೇದಿಯೆಂದರೆ ನೀರಾರಿ ಒಂದೇ ದಿನದಲ್ಲಿ ಪ್ರಾಣಕ್ಕೆ ಬರುವ ಸಂಗತಿ. ನೀರು ಬೆರೆಸಿದರೆ ಪುಷ್ಟಿ ಮತ್ತಷ್ಟು ಕಡಮೆಯಾಗುವುದೇ ಹೊರತು ದೋಷ ಹೋಗುವುದಿಲ್ಲ.

ಇದಕ್ಕಿಂತ ಮುಖ್ಯವಾದುದು ಕ್ರಮ. ತಣ್ಣಗಾದ ಮರಿಗೆ ಯಾವ ಹಾಲನ್ನೂ ಕೊಡಬಾರದು. ದೇಹ ತಣ್ಣಗಾದಾಗ ಕರುಳಿನ ಚಲನೆ ನಿಲ್ಲುತ್ತದೆ. ಹಾಕಿದ ಹಾಲು ಹೊಟ್ಟೆಯಲ್ಲಿಯೇ ಕೆಡುತ್ತದೆ. ಮೊದಲು ಕಾವು, ಆಮೇಲೆ ಹಾಲು. ಕಾವು ಕೊಡುವುದಕ್ಕೆ ಒಲೆಯ ಬಳಿ ಇಡಬೇಕಾಗಿಲ್ಲ. ತಟ್ಟನೆ ಬಿಸಿ ತಗಲಿದರೂ ಅಪಾಯವೇ. ಒಣಬಟ್ಟೆಯಲ್ಲಿ ಸುತ್ತಿ ನಮ್ಮ ಮೈಗೆ ಒತ್ತಿ ಹಿಡಿಯುವುದು, ಅಥವಾ ಬಿಸಿನೀರು ತುಂಬಿದ ಸೀಸೆಗೆ ದಪ್ಪನೆಯ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಕಡೆಗೆ ಇಡುವುದು. ಬಿಸಿ ಹೆಚ್ಚಾದರೆ ಮರಿ ತೆವಳಿ ದೂರವಾಗಲು ಇನ್ನೊಂದು ಕಡೆ ತೆರವಿರಬೇಕು. ಹೀಗೆ ಮೆಲ್ಲಮೆಲ್ಲನೆ ಮೈ ಬೆಚ್ಚಗಾದ ಮೇಲೆ, ಬೆಕ್ಕಿನ ಮರಿಗಳಿಗೆಂದೇ ತಯಾರಿಸಿ ಮಾರುವ ಹಾಲಿನ ಪುಡಿಯನ್ನು ಪಶುವೈದ್ಯರ ಸಲಹೆಯಂತೆ ಕಲಸಿ ಉಗುರುಬೆಚ್ಚಗೆ ಕೊಡಬೇಕು. ಮರಿಯನ್ನು ಮನುಷ್ಯರ ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಬಾರದು. ಹಾಲು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟುತ್ತದೆ. ತಾಯಿಯ ಬಳಿ ಕುಡಿಯುವಾಗ ಅದು ಹೇಗಿರುತ್ತದೆಯೋ ಹಾಗೆ, ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲಾಗಿ ಇರಬೇಕು. ಮೊದಲ ವಾರದಲ್ಲಿ ಎರಡು ಮೂರು ಗಂಟೆಗೊಮ್ಮೆ, ಹಗಲೂ ಇರುಳೂ ಕುಡಿಸಬೇಕು. ತಾಯಿಬೆಕ್ಕಿನ ಕೆಲಸವನ್ನು ವಹಿಸಿಕೊಂಡವರಿಗೆ ಅದರ ಶ್ರಮವೇನೆಂಬುದು ಎರಡು ರಾತ್ರಿಗಳಲ್ಲಿ ಅರ್ಥವಾಗುತ್ತದೆ.

ಕುಡಿಸಿದರೆ ಮುಗಿಯಲಿಲ್ಲ. ತಾಯಿ ಮರಿಯನ್ನು ಸದಾ ನೆಕ್ಕುತ್ತಿರುವುದನ್ನು ನಾವು ಬರಿಯ ಮುದ್ದೆಂದು ತಿಳಿಯುತ್ತೇವೆ. ಎಳೆಮರಿಗೆ ತಾನಾಗಿ ಮಲಮೂತ್ರ ವಿಸರ್ಜಿಸಲು ಬಾರದು. ತಾಯಿ ನಾಲಗೆಯಿಂದ ಹೊಟ್ಟೆಯ ಕೆಳಗೂ ಬಾಲದ ಬುಡದಲ್ಲಿಯೂ ನೆಕ್ಕಿದಾಗಲೇ ಅದು ಸಾಗುತ್ತದೆ. ಸುಮಾರು ಮೂರು ವಾರದವರೆಗೆ ಹೀಗೆಯೇ. ತಾಯಿಯಿಲ್ಲದ ಮರಿಗೆ ಪ್ರತಿಸಲ ಹಾಲು ಕೊಟ್ಟಾಗಲೂ ಬೆಚ್ಚನೆಯ ಒದ್ದೆಬಟ್ಟೆಯಿಂದ ಮೆಲ್ಲಗೆ ಒರಸಬೇಕು. ಚೆನ್ನಾಗಿ ಕುಡಿದು, ಬೆಚ್ಚಗೆ ಮಲಗಿ, ಆದರೂ ಸತ್ತ ಮರಿಗಳು ಹಲವು ಈ ಒಂದು ಸಣ್ಣ ಸಂಗತಿಯನ್ನು ಸಾಕಿದವರು ಅರಿಯದ್ದರಿಂದ ಸತ್ತವು.

ತಾಯಿಯ ಮೊದಲ ಹಾಲಿನ ವಿಷಯವಾಗಿಯೂ ಒಂದು ಮಾತು. ಹಸು ಕರುಹಾಕಿದಾಗ ಬರುವ ಗಿಣ್ಣುಹಾಲು ನಮಗೆಲ್ಲ ಗೊತ್ತು. ಬೆಕ್ಕಿಗೂ ಅಂತಹ ಮೊದಲ ಹಾಲುಂಟು. ರೋಗಗಳನ್ನು ತಡೆಯುವ ಶಕ್ತಿ ಮರಿಗೆ ಹೆಚ್ಚಾಗಿ ಅದರಿಂದಲೇ ದೊರೆಯಬೇಕು. ಆ ಶಕ್ತಿಯನ್ನು ಮರಿಯ ಕರುಳು ಹೀರಿಕೊಳ್ಳುವುದು ಹುಟ್ಟಿದ ಮೊದಲ ದಿನದೊಳಗೆ ಮಾತ್ರ. ಹುಟ್ಟಿದ ದಿನವೇ ಮರಿಯನ್ನು ಬೇರ್ಪಡಿಸಿದವರು ಯಾವ ಸೀಸೆಯಿಂದಲೂ ತುಂಬಲಾರದ ನಷ್ಟವನ್ನು ಅದಕ್ಕೆ ಮಾಡಿದಂತಾಯಿತು.

ನಾಲ್ಕನೆಯ ಮಾತು: ಬೆಕ್ಕು ಹೇಗೆ ಬಿದ್ದರೂ ಕಾಲೂರಿಯೇ ನಿಲ್ಲುತ್ತದೆ. ಬೆಳೆದ ಬೆಕ್ಕಿಗೆ ಗಾಳಿಯಲ್ಲಿ ಮೈತಿರುಗಿಸುವ ವಿದ್ಯೆಯುಂಟು. ಮರಿಗೆ ಅದು ಮೂರನೆಯ ವಾರದ ಮೇಲೆ ಮೂಡತೊಡಗಿ, ಆರು ಏಳು ವಾರಕ್ಕೆ ಸಿದ್ಧಿಸುತ್ತದೆ. ಅದಕ್ಕೆ ಮುಂಚೆ ಅಟ್ಟದಿಂದ ಬಿದ್ದ ಮರಿ ಕಲ್ಲು ಬಿದ್ದ ಹಾಗೆ ಬೀಳುತ್ತದೆ. ಅಟ್ಟದಲ್ಲಿ ಮರಿಗಳಿದ್ದರೆ ಅಂಚಿಗೆ ಒಂದು ಹಲಗೆಯನ್ನೋ ತುಂಬಿದ ಚೀಲವನ್ನೋ ಅಡ್ಡವಿಟ್ಟರೆ ಅದೇ ದೊಡ್ಡ ಉಪಕಾರ.

ಇಷ್ಟು ಆಪತ್ತುಗಳನ್ನು ದಾಟಿದ ಮರಿಯ ಬೆಳವಣಿಗೆ ಬಹು ಬೇಗ. ದಿನಕ್ಕೆ ಹತ್ತು ಹದಿನೈದು ಗ್ರಾಂ ಏರುತ್ತ, ಎರಡು ವಾರ ತುಂಬುವುದರೊಳಗೆ ಹುಟ್ಟಿದ ತೂಕಕ್ಕೆ ಇಮ್ಮಡಿಯಾಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ದಿನಕ್ಕೊಮ್ಮೆ ತೂಗುವುದು ವೈದ್ಯರ ಪರೀಕ್ಷೆಗೆ ಸಮಾನ. ತೂಕ ಏರದಿದ್ದರೆ ಏನೋ ಕೆಟ್ಟಿದೆಯೆಂದೇ ಅರ್ಥ. ಮೂರನೆಯ ವಾರದಲ್ಲಿ ತಡವರಿಸುತ್ತ ನಡೆಯುತ್ತದೆ, ಹಾಲುಹಲ್ಲು ಮೂಡುತ್ತವೆ. ನಾಲ್ಕನೆಯ ವಾರದಿಂದ ಮೆತ್ತಗಿನ ಆಹಾರವನ್ನು ನೆಕ್ಕುತ್ತದೆ. ಎಂಟನೆಯ ವಾರಕ್ಕೆ ಮೊಲೆ ಬಿಡುತ್ತದೆ. ತಾಯಿಯಿಂದ ಬೇರೆಮಾಡಿ ಕೊಡುವುದಿದ್ದರೆ ಅದಕ್ಕೆ ಮುಂಚೆ ಕೊಡಬಾರದು. ಎರಡನೆಯ ವಾರದಿಂದ ಏಳನೆಯ ವಾರದವರೆಗಿನ ಕಾಲ ಇನ್ನೊಂದು ದೃಷ್ಟಿಯಿಂದ ಮುಖ್ಯವಾದುದು. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾನಿಲಯದಲ್ಲಿ ಐಲೀನ್ ಕಾರ್ಷ್ ಎಂಬ ವಿದುಷಿ 1980ರ ದಶಕದಲ್ಲಿ ತೋರಿಸಿಕೊಟ್ಟಂತೆ, ಆ ವಾರಗಳಲ್ಲಿ ಪ್ರತಿದಿನವೂ ಸ್ವಲ್ಪ ಹೊತ್ತು ಮೃದುವಾಗಿ ಎತ್ತಿ ಆಡಿಸಿದ ಮರಿಗಳು ಜನರಿಗೆ ಒಗ್ಗಿಕೊಳ್ಳುತ್ತವೆ. ಮನುಷ್ಯನ ಕೈಯನ್ನೇ ಕಾಣದೆ ಬೆಳೆದವು ಬಹುಕಾಲ ಬೆದರುತ್ತವೆ. ಎಂದರೆ ಮೊದಲ ವಾರದಲ್ಲಿ ನಮ್ಮ ಧರ್ಮ ದೂರವಿರುವುದು. ಆಮೇಲೆ, ತಾಯಿ ಒಪ್ಪಿದಷ್ಟು, ಹತ್ತಿರ ಬರುವುದು.

ಕಡೆಯದಾಗಿ, ಹೇಳಲು ಸಂತೋಷವಿಲ್ಲದ ಒಂದು ವಿಷಯ. ಮನೆಯ ಬೆಕ್ಕು ಮರಿಹಾಕಿತು, ಸಾಕಲು ಆಗದು. ಗೋಣಿಚೀಲದಲ್ಲಿ ಕಟ್ಟಿ ಊರಾಚೆಯ ಕೆರೆಯಂಗಳದಲ್ಲಿಯೋ ಸಂತೆಯ ಮೈದಾನದಲ್ಲಿಯೋ ಬಿಟ್ಟುಬರುವುದು ಹಳ್ಳಿಯಲ್ಲಿಯೂ ಉಂಟು, ನಗರದಲ್ಲಿಯೂ ಉಂಟು. ಕೊಲ್ಲಲಿಲ್ಲವಲ್ಲ, ಅದರ ಪುಣ್ಯ ಇದ್ದಂತಾಗಲಿ ಎಂಬುದು ಮನಸ್ಸಿನ ಸಮಾಧಾನ. ಮೈಯ ಕಾವನ್ನು ಕೂಡ ಉಳಿಸಿಕೊಳ್ಳಲಾರದ ಜೀವಕ್ಕೆ ಯಾವ ಪುಣ್ಯ ಬಂದು ಕಾವು ಕೊಟ್ಟೀತು? ಅದು ಕೊಲೆಯೇ, ಮಾಡಿದವರು ಕಣ್ಣಿನಿಂದ ನೋಡಲಿಲ್ಲ, ಅಷ್ಟೇ ವ್ಯತ್ಯಾಸ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗಳಿಂದ ನರಳುವಂತೆ ನಿಷ್ಕಾರಣವಾಗಿ ತ್ಯಜಿಸುವುದನ್ನು 1960ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆ ಅಪರಾಧವೆಂದು ಹೇಳುತ್ತದೆ. ಕಾಯಿದೆಗಿಂತ ಸುಲಭವಾದ ಮಾರ್ಗವೊಂದುಂಟು. ಹೆಣ್ಣುಬೆಕ್ಕು ನಾಲ್ಕು ಐದು ತಿಂಗಳಿಗೇ ಗರ್ಭ ಧರಿಸಬಲ್ಲದು. ಹಾಲೂಡುತ್ತಿರುವಾಗಲೇ ಮತ್ತೆ ಗರ್ಭವಾಗಬಹುದು. ಸಂತಾನಹರಣದ ಶಸ್ತ್ರಚಿಕಿತ್ಸೆಯನ್ನು ಬಲ್ಲ ಪಶುವೈದ್ಯರು ಈಗ ನಗರದಲ್ಲಿ ದುರ್ಲಭರಲ್ಲ. ದೊಡ್ಡಬಳ್ಳಾಪುರದ ಹಾದಿಯಲ್ಲಿಯೇ, ಹೆಬ್ಬಾಳದಲ್ಲಿ, 1958ರಲ್ಲಿ ಸ್ಥಾಪಿತವಾದ ಪಶುವೈದ್ಯ ಕಾಲೇಜಿದೆ. ಮರಿಗಳು ಮೊಲೆಬಿಟ್ಟ ಮೇಲೆ ತಾಯಿಗೆ ಒಮ್ಮೆ ಈ ಚಿಕಿತ್ಸೆ ಮಾಡಿಸಿದರೆ ಚೀಲದ ಪಾಪಕ್ಕೆ ಅವಕಾಶವೇ ಇಲ್ಲ. ಅದರಿಂದ ಬೆಕ್ಕು ಇಲಿ ಹಿಡಿಯುವುದನ್ನು ಬಿಟ್ಟುಬಿಡುತ್ತದೆಂಬ ಭಯವೂ ಬೇಡ. ಬೇಟೆಯ ಬುದ್ಧಿ ಬೇರೆ, ಬೆದೆಯ ಬುದ್ಧಿ ಬೇರೆ.

ಮಹಾಶಯರೆ, ಏಳು ಮನೆ, ಮುಟ್ಟಿದ ಮರಿ, ಹಾಲಿನ ಬತ್ತಿ, ಕಾಣದ ತಾಯಿ, ಇವೆಲ್ಲವನ್ನೂ ಒಂದೇ ಮಾತಿನಲ್ಲಿ ಹಿಡಿದಿಡಬಹುದು. ಬೆಕ್ಕಿನ ತಾಯಿಗೆ ತನ್ನ ಕೆಲಸ ಗೊತ್ತು. ಅದಕ್ಕೆ ನಮ್ಮಿಂದ ಬೇಕಾದುದು ಒಂದು ಕತ್ತಲೆಯ ಮೂಲೆ, ಒಂದು ಒಣಗಿದ ಗೋಣಿತಟ್ಟು, ತನಗಾಗಿ ಒಂದು ತುತ್ತು ಹೆಚ್ಚಿನ ಆಹಾರ ಮತ್ತು ನೆಮ್ಮದಿ. ತಾಯಿ ಇಲ್ಲವೆಂದು ನಿಶ್ಚಯವಾದಾಗ ಮಾತ್ರ ನಾವು ಕೈಯಿಕ್ಕಬೇಕು. ಇಕ್ಕಿದರೆ ಮೊದಲು ಕಾವು, ಆಮೇಲೆ ತಕ್ಕ ಹಾಲು.

ಕಾರಣವನ್ನು ಹುಡುಕುವ ಅಭ್ಯಾಸ ದೊಡ್ಡ ವಿಷಯಗಳಿಗೆ ಮೀಸಲಾದುದಲ್ಲ. ರಾಜಘಟ್ಟದ ಭಿಕ್ಷುಗಳು ಅಂಗೈಯಗಲದ ಮಣ್ಣಿನ ಬಿಲ್ಲೆಯ ಮೇಲೆ ತಮ್ಮ ನಂಬಿಕೆಯನ್ನು ಒತ್ತಿಟ್ಟರು. ಅಂಗೈಯಗಲದ ಈ ಜೀವದ ವಿಷಯದಲ್ಲಿಯೂ ಕಂಡದ್ದೇನು, ಕಾರಣವೇನು ಎಂದು ಒಂದು ಗಳಿಗೆ ನಿಂತು ಕೇಳಿಕೊಂಡರೆ, ನಮ್ಮ ದಯೆಗೆ ಕಣ್ಣು ಬರುತ್ತದೆ. ಅದಕ್ಕೆ ಏಳು ಮನೆ ಸುತ್ತಬೇಕಾಗಿಲ್ಲ; ನಮ್ಮ ನಮ್ಮ ಮನೆಯ ಅಟ್ಟವೇ ಸಾಕು.